1,799 ರೂಪಾಯಿಯ ಕನ್ವರ್ಟರ್, ಪುಕ್ಕಟೆ ಹ್ಯಾಂಡ್‌ಬ್ರೇಕ್ ಮತ್ತು ತಪ್ಪಿದ ತಾಳ

ಮೊದಲೇ ಹೇಳಿಬಿಡ್ತೀನಿ, ವಿಡಿಯೋ ಫೈಲನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸೋ ಕನ್ವರ್ಟರ್ ಸಾಫ್ಟ್‌ವೇರ್‌ಗಳ ಪೈಕಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಗೆದ್ದದ್ದು ಹ್ಯಾಂಡ್‌ಬ್ರೇಕ್. ಇಷ್ಟಕ್ಕೇ ಓದು ನಿಲ್ಲಿಸಿ ಡೌನ್‌ಲೋಡ್ ಮಾಡಲಿಕ್ಕೆ ಹೋದರೂ ಅಡ್ಡಿಯಿಲ್ಲ. ಆದರೆ ಅದರೊಳಗೆ ಒಂದು ಸಣ್ಣ ಚುಕ್ಕಿ ಇದೆ. ಅದನ್ನು ಒತ್ತದೆ ಬಿಟ್ಟರೆ ನನಗಾದ ಪಜೀತಿ ನಿಮಗೂ ಆಗೋದು ಖರೆ.

ನಾನು ವಿಡಿಯೋದವನಲ್ಲ. ಕಲಬುರಗಿಯಲ್ಲಿ ಅಂಗಡಿಗಳ ಲೆಕ್ಕ ಬರೆಯೋದು ಹೊಟ್ಟೆಪಾಡು. ಅಮಾವಾಸ್ಯೆ ರಾತ್ರಿ ಅಫಜಲಪುರ ಕಡೆಯ ಹಳ್ಳಿಗಳಿಗೆ ಹೋಗಿ ತತ್ವಪದದ ಭಜನೆ ರೆಕಾರ್ಡ್ ಮಾಡೋದು ಹುಚ್ಚು. ಸ್ಟ್ಯಾಂಡ್ ಮೇಲೆ ಫೋನು, ಪಕ್ಕದಲ್ಲೊಂದು ಸಣ್ಣ ಆಡಿಯೋ ರೆಕಾರ್ಡರ್. ಲ್ಯಾಪ್‌ಟಾಪ್ ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಮಾಲು: ಏಳನೇ ಪೀಳಿಗೆಯ ಐ3, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಮುಂದೆ ನಾನು ಹೇಳೋದೆಲ್ಲ ಈ ಯಂತ್ರದ ಯೋಗ್ಯತೆಗೆ ತಕ್ಕ ಮಾತು. ನಿಮ್ಮ ಹತ್ತಿರ ಒಂದೂವರೆ ಲಕ್ಷದ ಮಷಿನ್ ಇದ್ದರೆ ಅರ್ಧ ತಕರಾರು ನಿಮಗೆ ಅನ್ವಯಿಸೋದಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಭಜನೆ 40 ನಿಮಿಷ ಎಡೆಬಿಡದೆ ನಡೆಯಿತು. ಫೋನು ಅದನ್ನು ಎಚ್.265 ಅನ್ನೋ, ವಿಡಿಯೋವನ್ನು ಬಹಳ ಒತ್ತಿ ಸಣ್ಣ ಮಾಡೋ ರೂಪದಲ್ಲಿ ಹಿಡಿದಿತ್ತು. ನನ್ನ ಹಳೆ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಅದನ್ನು ಕೊಟ್ಟರೆ ಟೈಮ್‌ಲೈನ್ (ತುಣುಕು ಜೋಡಿಸೋ ಪಟ್ಟಿ) ಮೇಲೆ ಎತ್ತಿನ ಗಾಡಿ ಏರು ಹತ್ತಿದ ಹಾಗೆ. ಕನ್ವರ್ಟ್ ಮಾಡಬೇಕು ಅಂತ ಹುಡುಕಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಜಾಹೀರಾತು. ಸಾವಿರ ಫಾರ್ಮ್ಯಾಟ್, ಒಂದೇ ಕ್ಲಿಕ್, ಜೀವನಪೂರ್ತಿ ಲೈಸೆನ್ಸ್, ಇವತ್ತಷ್ಟೇ 1,799 ರೂಪಾಯಿ. ಟ್ರಯಲ್ ಹಾಕಿ ನೋಡಿದೆ, ವಿಡಿಯೋ ನಟ್ಟನಡುವೆ ಅವರ ಹೆಸರಿನ ಮುದ್ರೆ. ಏಕತಾರಿ ಹಿಡಿದ ಅಜ್ಜನ ಎದೆ ಮೇಲೆ ಕಂಪನಿಯ ಲಾಂಛನ ನೋಡಿ ಸಹಿಸಲಾಗದೆ ರೊಕ್ಕ ಕಟ್ಟಿದೆ.

ಕನ್ವರ್ಟ್ ಆಯಿತು, ಚಿತ್ರ ಸ್ವಚ್ಛ ಬಂತು, ಟೈಮ್‌ಲೈನ್ ಸರಾಗ ಓಡಿತು. ರೆಕಾರ್ಡರ್‌ನ ಆಡಿಯೋ ತಂದು ಮೊದಲ ಪದದ ತಾಳಕ್ಕೆ ಹೊಂದಿಸಿ ಮಲಗಿಬಿಟ್ಟೆ. ಮರುದಿನ ಕೊನೆಯ ಪದ ನೋಡಿದರೆ ಕೈಯಲ್ಲಿ ತಾಳ ಕೂಡಿದ್ದು ಒಂದು ಗಳಿಗೆಗೆ, ಝಣ್ ಅಂತ ಸದ್ದು ಬಂದದ್ದು ಇನ್ನೊಂದು ಗಳಿಗೆಗೆ. ಮಧ್ಯದಲ್ಲಿ ನೋಡಿದೆ, ಅಲ್ಲಿ ತಪ್ಪಿದ್ದು ಅರ್ಧದಷ್ಟು. ಅಂದರೆ ಹೊರಡುವಾಗ ಜೊತೆಗೇ ಹೊರಟು, ದಾರಿ ಸವೆದಂತೆ ಒಬ್ಬ ಮುಂದೆ ಒಬ್ಬ ಹಿಂದೆ ಆಗಿದ್ದರು.

ಇದಕ್ಕೆ ಒಂದು ವಾರ ತಿಂದೆ. ರೆಕಾರ್ಡರ್ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಮೆಮೊರಿ ಕಾರ್ಡ್ ಮೇಲೆ ಸಂಶಯ. ಫೋನಿನದೇ ಆಡಿಯೋ ಹಾಕಿ ನೋಡಿದೆ, ಅದೂ ಜಾರಿತು! ತಲೆ ಕೆಟ್ಟದ್ದು ಯಾವಾಗ ಅಂದರೆ, ಅದೇ ಫೋನಿನ ಫೈಲು ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿದರೆ ಮೊದಲಿನಿಂದ ಕೊನೆತನಕ ತಾಳ ಒಂದು ಕೂದಲೆಳೆಯೂ ತಪ್ಪಲಿಲ್ಲ. ಭಜನಾ ಮಂಡಳಿಯ ಹಿರಿಯರಿಗೆ ಒಂದು ತುಣುಕು ತೋರಿಸಿದ್ದೇ ತಪ್ಪಾಯಿತು. "ಏನೋ ತಮ್ಮಾ, ನಾವು ತಾಳ ತಪ್ಪೀವಿ ಅಂತ ಊರಿಗೆಲ್ಲ ತೋರಸ್ಲಾಕ ಹತ್ತೀಯೇನು?" ಅಂದರು. ನಲವತ್ತು ವರ್ಷ ಭಜನೆ ಮಾಡಿದ ಕೈಗೆ ಆ ಮಾತು ಬರಿಸಿದ್ದು ನನ್ನ ಲ್ಯಾಪ್‌ಟಾಪು.

ಕೊನೆಗೆ ಬೀದರಿನ ಗೆಳೆಯನೊಬ್ಬ ಮೀಡಿಯಾಇನ್ಫೋ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿಸಿ ಫೈಲು ತೆರೆಸಿದ. ಫ್ರೇಮ್ ರೇಟ್ ಮೋಡ್ ಅನ್ನೋ ಸಾಲಿನ ಎದುರು "ವೇರಿಯಬಲ್", ಅಂದರೆ ಏರಿಳಿಯೋದು, ಅಂತಿತ್ತು. ಸಂಗತಿ ಇಷ್ಟೇ: ನಾವು ಫೋನಿನಲ್ಲಿ 30 ಫ್ರೇಮ್ ಅಂತ ಆರಿಸಿದರೂ ಫೋನು ಪ್ರತಿ ಸೆಕೆಂಡಿಗೆ ಸರಿಯಾಗಿ 30 ಚಿತ್ರ ಹಿಡಿಯೋದಿಲ್ಲ. ಬೆಳಕು ಕಡಿಮೆಯಾದರೆ, ಮೈ ಕಾದರೆ, ಅಲ್ಲೊಂದು ಇಲ್ಲೊಂದು ಬಿಡುತ್ತದೆ. ಮಠದ ಅಂಗಳದ ಒಂಟಿ ಬಲ್ಬಿನ ಬೆಳಕು, ಮೇಲೆ ನಮ್ಮ ಕಡೆಯ ಸೆಕೆ, ಎರಡೂ ಕೂಡಿದ್ದವು. ಬಿಟ್ಟರೂ ಫೋನು ಮೋಸ ಮಾಡೋದಿಲ್ಲ, ಪ್ರತಿ ಚಿತ್ರಕ್ಕೂ ಇದನ್ನು ಇಂಥ ಗಳಿಗೆಗೆ ತೋರಿಸು ಅಂತ ಚೀಟಿ ಅಂಟಿಸಿರುತ್ತದೆ. ವಿಎಲ್‌ಸಿ ಆ ಚೀಟಿ ಓದುತ್ತದೆ. ನನ್ನ ಎಡಿಟರ್ ಓದಲಿಲ್ಲ. ಇವೆಲ್ಲ 30ರ ಲೆಕ್ಕದವು ಅಂತ ಒತ್ತೊತ್ತಾಗಿ ಜೋಡಿಸಿಬಿಟ್ಟಿತು.

ಲೆಕ್ಕ ಬರೆಯೋನಾದ್ದರಿಂದ ಇದನ್ನೂ ಹಾಕಿ ನೋಡಿದೆ. 40 ನಿಮಿಷ ಅಂದರೆ 2,400 ಸೆಕೆಂಡ್, 30ರಂತೆ 72,000 ಚಿತ್ರ ಇರಬೇಕು. ಸರಾಸರಿ 29.97 ಬಿದ್ದರೆ 71,928 ಇರುತ್ತವೆ. ಕಮ್ಮಿ ಬಿದ್ದದ್ದು ಬರೀ 72 ಚಿತ್ರ, ಆದರೆ ಅದು 2.4 ಸೆಕೆಂಡ್. ತಾಳಕ್ಕೆ 2.4 ಸೆಕೆಂಡ್ ಅಂದರೆ ಒಂದು ನುಡಿ ಮುಗಿದು ಇನ್ನೊಂದು ಎತ್ತಿಕೊಳ್ಳುವಷ್ಟು ಹೊತ್ತು.

ರೊಕ್ಕದ ಕನ್ವರ್ಟರ್ ಈ ವೇರಿಯಬಲ್ ಅನ್ನು ವೇರಿಯಬಲ್ ಆಗಿಯೇ ಇಳಿಸಿ ಕೊಟ್ಟಿತ್ತು. ಅದರ ಸೆಟ್ಟಿಂಗ್‌ನಲ್ಲಿ ಫ್ರೇಮ್ ರೇಟ್ ಅಂತ ಒಂದು ಪಟ್ಟಿ ಇತ್ತು, 30 ಅಂತ ಆರಿಸಿದೆ, ಬಂದ ಫೈಲು ಮತ್ತೆ ವೇರಿಯಬಲ್. ರೊಕ್ಕ ವಾಪಸ್ ಕೇಳಿ ಮೇಲ್ ಹಾಕಿದರೆ "ಕನ್ವರ್ಷನ್ ಯಶಸ್ವಿಯಾಗಿದೆಯಲ್ಲ" ಅಂತ ಉತ್ತರ. ಸಿಟ್ಟಿಗೆ ಅದು ಇನ್‌ಸ್ಟಾಲ್ ಆದ ಫೋಲ್ಡರ್ ತೆರೆದು ನೋಡಿದೆ. ಒಳಗೆ ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಬದಲಿಸೋ ಸಾಫ್ಟ್‌ವೇರ್‌ನ ಫೈಲು ಕೂತಿತ್ತು. 2000ರಲ್ಲಿ ಫಾಬ್ರಿಸ್ ಬೆಲ್ಲಾರ್ ಶುರು ಮಾಡಿ, ಜಗತ್ತಿಗೆಲ್ಲ ಪುಕ್ಕಟೆ ಹಂಚಿಕೆಯಾಗೋ ಸಾಮಾನು. ನಾನು 1,799 ಕೊಟ್ಟದ್ದು ಅದರ ಮೇಲೆ ಹಾಕಿದ ಬಣ್ಣದ ಮುಸುಕಿಗೆ.

ಆಮೇಲೆ ಬಂತು ಹ್ಯಾಂಡ್‌ಬ್ರೇಕ್. ಸತ್ಯ ಹೇಳಬೇಕಂದರೆ ಮೊದಲ ಸಲ ಅದೂ ಕೈ ಕೊಟ್ಟಿತು. ಅದರ ಮಾಮೂಲಿ ಪ್ರಿಸೆಟ್ (ಮೊದಲೇ ಜೋಡಿಸಿಟ್ಟ ಸೆಟ್ಟಿಂಗ್) "ಫಾಸ್ಟ್ 1080ಪಿ30" ಇದೆಯಲ್ಲ, ಅದರಲ್ಲಿ 30 ಅನ್ನೋದು ಮೇಲ್ಮಿತಿ ಮಾತ್ರ; ಅದಕ್ಕಿಂತ ಹೆಚ್ಚಾಗಬಾರದು, ಕಮ್ಮಿಯಾದರೆ ಆಗಲಿ ಅಂತ. ವಿಡಿಯೋ ಅನ್ನೋ ಟ್ಯಾಬ್‌ಗೆ ಹೋಗಿ, ಫ್ರೇಮ್‌ರೇಟ್ 30 ಅಂತ ಇಟ್ಟು, ಕೆಳಗಿನ "ಕಾನ್‌ಸ್ಟಂಟ್ ಫ್ರೇಮ್‌ರೇಟ್" ಎದುರಿನ ಚುಕ್ಕಿ ಒತ್ತಬೇಕು. ನಾನು ಆಗಲೇ ಹೇಳಿದ ಚುಕ್ಕಿ ಇದೇ. ಇದನ್ನು ಒತ್ತಿ ಮತ್ತೆ ಕನ್ವರ್ಟ್ ಮಾಡಿದೆ. ಮೀಡಿಯಾಇನ್ಫೋದಲ್ಲಿ ಈಗ ಕಾನ್‌ಸ್ಟಂಟ್, ಅಂದರೆ ಒಂದೇ ಸಮ. ಟೈಮ್‌ಲೈನ್‌ಗೆ ಹಾಕಿ ಸೀದಾ 39ನೇ ನಿಮಿಷಕ್ಕೆ ಹೋದೆ. ತಾಳ ಕೂಡಿದಲ್ಲೇ ಝಣ್. ಪ್ರಿಸೆಟ್ ಪಟ್ಟಿಯಲ್ಲಿ "ಪ್ರೊಡಕ್ಷನ್" ಅನ್ನೋ ಗುಂಪೊಂದಿದೆ, ಅದು ಎಡಿಟಿಂಗ್‌ಗೆಂದೇ ಮಾಡಿದ್ದು. ಅದನ್ನು ಆರಿಸಿದರೆ ಚುಕ್ಕಿಯ ಚಿಂತೆಯೂ ಇಲ್ಲ, ಫೈಲು ಮಾತ್ರ ಮೈ ತುಂಬಿಕೊಂಡು ಬರುತ್ತದೆ.

ವೇಗದ ಮಾತು. ಪ್ರೊಸೆಸರ್‌ಗೇ ಪೂರ್ತಿ ಕೆಲಸ ಹಚ್ಚಿದರೆ (ಪಟ್ಟಿಯಲ್ಲಿ ಎಕ್ಸ್264 ಅಂತಿರುತ್ತದೆ) ಈ 40 ನಿಮಿಷಕ್ಕೆ ಒಂದು ತಾಸಿನ ಮೇಲೆ ಹಿಡಿಯಿತು. ಚಿಪ್ಪಿನೊಳಗೆ ವಿಡಿಯೋಗೆಂದೇ ಇರೋ ಇಂಟೆಲ್‌ನ ಕ್ವಿಕ್ ಸಿಂಕ್ ಆರಿಸಿದರೆ ಕಾಲು ತಾಸು, ಆದರೆ ಅದೇ ಗುಣಮಟ್ಟಕ್ಕೆ ಫೈಲು ದೊಡ್ಡದು. ನಾನು ರಾತ್ರಿ ಹಚ್ಚಿ ಮಲಗೋನು, ನನಗೆ ಮೊದಲನೆಯದೇ ಸಾಕು. ಮೇ ತಿಂಗಳಲ್ಲಿ ಮಧ್ಯಾಹ್ನ 42 ಡಿಗ್ರಿ ದಾಟಿದಾಗ ಕನ್ವರ್ಟ್ ಹಚ್ಚಲಿಕ್ಕೆ ಹೋಗಬೇಡಿ. ಲ್ಯಾಪ್‌ಟಾಪ್ ಕಾದು ತಾನೇ ವೇಗ ಇಳಿಸಿಕೊಂಡು ಎರಡು ತಾಸು ಎಳೆಯುತ್ತದೆ.

ಕರೆಂಟಿನದೊಂದು ಉಪಾಯ. ನನ್ನ ಬ್ಯಾಟರಿ ಇಪ್ಪತ್ತು ನಿಮಿಷದ ಗಿರಾಕಿ. ಎಂಪಿ4 ಆಗಿ ಬರೆಯುವಾಗ ನಡುವೆ ಮಷಿನ್ ಸತ್ತರೆ, ಫೈಲಿನ ಅನುಕ್ರಮಣಿಕೆ ಕೊನೆಗೆ ಬರೆಯೋದು ಇರೋದರಿಂದ, 90 ಪರ್ಸೆಂಟ್ ಆಗಿದ್ದರೂ ತೆರೆಯೋದಿಲ್ಲ. ಎಂಕೆವಿ ಅನ್ನೋ ಇನ್ನೊಂದು ಬಗೆಯ ಫೈಲು ಹಾಗಲ್ಲ, ಸತ್ತಲ್ಲಿತನಕ ಆಡುತ್ತದೆ. ಅದಕ್ಕೆ ನಾನು ಎಂಕೆವಿಗೆ ಬರೆಸಿ, ಬೆಳಿಗ್ಗೆ ಎಂಪಿ4 ಡಬ್ಬಿಗೆ ಸುರಿದುಕೊಳ್ತೀನಿ.

ಡಬ್ಬಿ ಅಂದೆ ನೋಡಿ, ಹ್ಯಾಂಡ್‌ಬ್ರೇಕ್ ಸೋಲೋದು ಇಲ್ಲೇ. ಎಂಪಿ4, ಎಂಕೆವಿ ಅನ್ನೋವು ಬರೀ ಡಬ್ಬಿ. ಶೇಂಗಾ ಹಿಂಡಿಯನ್ನು ಸ್ಟೀಲ್ ಡಬ್ಬಿಯಿಂದ ಪ್ಲಾಸ್ಟಿಕ್ ಡಬ್ಬಿಗೆ ಹಾಕಲಿಕ್ಕೆ ಶೇಂಗಾ ಮತ್ತೆ ಹುರಿಯಬೇಕಾಗಿಲ್ಲ. ಹ್ಯಾಂಡ್‌ಬ್ರೇಕ್ ಮಾತ್ರ ಪ್ರತಿ ಸಲ ಹುರಿಯುತ್ತದೆ, ಚಿತ್ರವನ್ನು ಇದ್ದಂತೆಯೇ ದಾಟಿಸೋದು ಅದಕ್ಕೆ ಬರೋದಿಲ್ಲ. ಒಂದು ತಾಸು ಹೋಗುತ್ತದೆ, ಮೇಲೆ ಗುಣಮಟ್ಟವೂ ಚೂರು ಸವೆಯುತ್ತದೆ. ಈ ಕೆಲಸಕ್ಕೆ ಶಟರ್ ಎನ್‌ಕೋಡರ್ ಅನ್ನೋ ಇನ್ನೊಂದು ಕನ್ವರ್ಟರ್ ಇಟ್ಟುಕೊಂಡಿದ್ದೀನಿ, ಅದೂ ಪುಕ್ಕಟೆ. ಅದರ "ರೀರ‍್ಯಾಪ್" ಒತ್ತಿದರೆ 3 ಜಿಬಿ ಫೈಲು ಚಹಾ ಆರೋದರೊಳಗೆ ತಯಾರು. ಮರು ಎನ್‌ಕೋಡ್, ಅಂದರೆ ಮತ್ತೆ ಹುರಿಯೋದು, ಇಲ್ಲದೆ ತುಂಡು ಮಾಡೋದೂ ಬರುತ್ತದೆ. ಪರದೆ ಮಾತ್ರ ಸಂತೆಯ ದಿನದ ಬಜಾರಿನಂತೆ, ಯಾವ ಬಟನ್ ಎಲ್ಲಿದೆ ಅಂತ ಹುಡುಕಬೇಕು.

ಎಡಿಟಿಂಗ್‌ಗೆ ಶಟರ್ ಎನ್‌ಕೋಡರ್‌ನಲ್ಲೇ ಡಿಎನ್‌ಎಕ್ಸ್‌ಎಚ್‌ಆರ್ ಅನ್ನೋ ಎಡಿಟಿಂಗ್‌ನ ರೂಪಕ್ಕೆ ಮಾಡಿಕೊಳ್ಳಿ ಅಂತ ತಿಳಿದವರು ಹೇಳ್ತಾರೆ. ಮಾತು ಸುಳ್ಳಲ್ಲ. ಎಚ್.265, ಅದರ ಅಣ್ಣ ಎಚ್.264 ಇವುಗಳಲ್ಲಿ ಒಂದು ಚಿತ್ರ ಬಿಡಿಸಲಿಕ್ಕೆ ಅಕ್ಕಪಕ್ಕದವನ್ನೂ ಬಿಡಿಸಬೇಕು, ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ ಪ್ರತಿ ಚಿತ್ರವೂ ತನ್ನ ಕಾಲ ಮೇಲೆ ತಾನು ನಿಂತಿರುತ್ತದೆ. ಟೈಮ್‌ಲೈನ್ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಆದರೆ ತೀರಾ ಹಗುರದ ಎಲ್‌ಬಿ ದರ್ಜೆಯಲ್ಲೇ ಈ ಭಜನೆ 13 ಜಿಬಿ ದಾಟಿತು, ಅದರ ಮೇಲಿನ ಎಸ್‌ಕ್ಯೂ ದರ್ಜೆ ಆದರೆ 40 ಜಿಬಿ ಮೇಲೆ. ನನ್ನ 256 ಜಿಬಿಯಲ್ಲಿ ವಿಂಡೋಸ್, ಅಂಗಡಿಯವರ ಲೆಕ್ಕ, ಮನೆಯವರ ಫೋಟೋ ಎಲ್ಲ ಇರಬೇಕು. ಕೈ ಮುಗಿದು ಬಿಟ್ಟೆ.

ಖಾಲಿ ಎಫ್‌ಎಫ್‌ಎಂಪೆಗ್? ಬೀದರಿನ ಗೆಳೆಯ ಅದರ ಭಕ್ತ. ಆದೇಶ ಟೈಪ್ ಮಾಡೋ ಕರಿ ಕಿಟಕಿಯಲ್ಲಿ ಒಂದು ಸಾಲು ಹೊಡೆದರೆ ಮೇಲೆ ಹೇಳಿದ ಎಲ್ಲವನ್ನೂ ಮಾಡುತ್ತದೆ, ಕ್ಯಾಮೆರಾ ನಡುನಡುವೆ ಕಡಿದ ಫೈಲುಗಳನ್ನು ಮರು ಎನ್‌ಕೋಡ್ ಇಲ್ಲದೆ ಹೊಲಿಯುತ್ತದೆ. ನಾನು ಫೈಲುಗಳಿಗೆ ಕನ್ನಡದಲ್ಲಿ, ಜಾಗ ಬಿಟ್ಟು ಹೆಸರಿಡೋನು. ಆ ಜಾಗ ಸಿಕ್ಕ ಕೂಡಲೇ ಅದು ಎರಡು ಫೈಲು ಅಂದುಕೊಂಡು ಬೈಯುತ್ತದೆ. ಹೆಸರಿಗೆ ಉದ್ಧರಣ ಚಿಹ್ನೆ ಹಚ್ಚಬೇಕು. ನನ್ನ ಲೆಕ್ಕದ ವಹಿಯ ಕೊನೆಯ ಹಾಳೆಯಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಂಡಿದ್ದೀನಿ, ಅಷ್ಟೇ ನಂಟು.

ಆನ್‌ಲೈನ್ ಕನ್ವರ್ಟರ್: ದಿನಕ್ಕೆ ಒಂದೂವರೆ ಜಿಬಿ ಡೇಟಾದವನು 3 ಜಿಬಿ ಏರಿಸೋದು ಹೇಗೆ?

ವಿಎಲ್‌ಸಿಯಲ್ಲೂ ಕನ್ವರ್ಟ್ ಅನ್ನೋದು ಇದೆ. ನಾನು ನೋಡಲಿಕ್ಕಷ್ಟೇ ಬಳಸ್ತೀನಿ.

ಅಣ್ಣನ ಮದುವೆಯ ಹಳೆ ಡಿವಿಡಿಯನ್ನೂ ಇದೇ ಪರೀಕ್ಷೆಗೆ ಹಚ್ಚಿದ್ದೆ. 720 ಗುಣಿಸು 576ರ ಚಿತ್ರ, ಇಂಟರ್‌ಲೇಸ್ಡ್ (ಒಂದು ಬಿಟ್ಟು ಒಂದು ಗೆರೆಯಂತೆ ಎರಡು ಸಲಕ್ಕೆ ಹಿಡಿದದ್ದು). ರೊಕ್ಕದ ಸಾಫ್ಟ್‌ವೇರ್‌ನಿಂದ ಬಂದದ್ದರಲ್ಲಿ ಅಕ್ಷತೆ ಹಾಕೋ ಪ್ರತಿ ಕೈಗೂ ಬಾಚಣಿಕೆ ಹಲ್ಲು. ಹ್ಯಾಂಡ್‌ಬ್ರೇಕ್‌ನ ಡೀಕೋಂಬ್ ಫಿಲ್ಟರ್ ಅದನ್ನು ಒರೆಸಿ ಹಾಕಿತು. ಅತ್ತಿಗೆ ಖುಷಿ, ಅಣ್ಣ ತನ್ನ ಆಗಿನ ಕೂದಲು ನೋಡಿ ಸುಮ್ಮನಾದ.

ಇನ್ನು ಟಿವಿ. ಮಂಡಳಿಯ ಹಿರಿಯರ ಮನೆಯದು ಹಳೆ ಎಲ್‌ಇಡಿ, ಪೆನ್‌ಡ್ರೈವ್ ಚುಚ್ಚಿದರೆ ಎಚ್.265ಕ್ಕೆ ಸದ್ದು ಮಾತ್ರ ಬರುತ್ತದೆ, ಪರದೆ ಕಪ್ಪು. ಎಚ್.264 ಚಿತ್ರ, ಎಎಸಿ ಆಡಿಯೋ, ಎಂಪಿ4 ಡಬ್ಬಿ: ಈ ಮೂರು ಕೂಡಿದರೆ ನಾನು ನೋಡಿದ ಯಾವ ಟಿವಿಯೂ ತಕರಾರು ಮಾಡಿಲ್ಲ. ಹ್ಯಾಂಡ್‌ಬ್ರೇಕ್‌ನಲ್ಲಿ ಗುಣಮಟ್ಟದ ಸಂಖ್ಯೆಯನ್ನು 22ಕ್ಕೆ ಇಡ್ತೀನಿ (ಸಂಖ್ಯೆ ಇಳಿದಷ್ಟೂ ಚಿತ್ರ ಚೆನ್ನ, ಫೈಲು ಭಾರ). ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಹಳೆ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ದಾಟಿದ ಫೈಲು ಅದರೊಳಗೆ ಇಳಿಯೋದಿಲ್ಲ. ಪೆನ್‌ಡ್ರೈವ್ ಹಾಳಾಗಿದೆ ಅಂತ ಅಂಗಡಿಗೆ ಓಡಬೇಡಿ, ನಾನು ಓಡಿದ್ದೆ.

ಹಾಗಾಗಿ ನನ್ನಂತೆ ಫೋನಿನಲ್ಲಿ ಹಿಡಿದು, ಬಡ ಲ್ಯಾಪ್‌ಟಾಪ್‌ನಲ್ಲಿ ಎಡಿಟ್ ಮಾಡಿ, ಹಳ್ಳಿಯ ಟಿವಿಗೆ ಕೊಡೋರಿಗೆ ಹ್ಯಾಂಡ್‌ಬ್ರೇಕ್ ಮೊದಲು, ಪಕ್ಕದಲ್ಲಿ ಡಬ್ಬಿ ಬದಲಿಸಲಿಕ್ಕೆ ಶಟರ್ ಎನ್‌ಕೋಡರ್. ದೊಡ್ಡ ಹಾರ್ಡ್‌ಡಿಸ್ಕ್ ಇದ್ದು ದಿನಾ ಎಡಿಟ್ ಮಾಡೋರಾದರೆ ಕ್ರಮ ತಿರುಗಿಸಿಕೊಳ್ಳಿ. ಶಾಟ್‌ಕಟ್‌ನಂಥ ಎಡಿಟರ್ ಬಳಸೋರಿಗೆ ವೇರಿಯಬಲ್ ಫೈಲು ಹಾಕಿದ ಕೂಡಲೇ ಅದೇ ಎಚ್ಚರಿಸಿ ಕನ್ವರ್ಟ್ ಮಾಡಲೇ ಅಂತ ಕೇಳುತ್ತದೆ, ನಿಮಗೆ ನನ್ನ ಒಂದು ವಾರದ ಶಿಕ್ಷೆ ಇಲ್ಲ.

ಸರಿಯಾದ ಫೈಲನ್ನು ಹಿರಿಯರ ಟಿವಿಗೆ ಹಚ್ಚಿ ಕೊನೆಯ ಪದ ಹಾಕಿದೆ. ಅವರು ಪರದೆ ನೋಡಲಿಲ್ಲ, ಕಣ್ಣು ಮುಚ್ಚಿ ತೊಡೆ ಮೇಲೆ ತಾಳ ಹಾಕುತ್ತ ಕೂತರು. ಮುಗಿದ ಮೇಲೆ, "ಈಗ ಬರೋಬ್ಬರಿ ಅದ. ಇದಿಷ್ಟೂ ನನ್ನ ಮೊಮ್ಮಗಳ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ ಕೊಡು" ಅಂದರು. 40 ನಿಮಿಷ!