ಜಿಐ ಪೈಪೋ, ಸಿಪಿವಿಸಿಯೋ?

ಮಂಗಳೂರಲ್ಲಿ ಮನೆಯ ನೀರಿನ ಪೈಪ್ ಕೆಲಸ ಮೇ ತಿಂಗಳೊಳಗೆ ಮುಗಿಸಿ. ಜೂನ್ ಮಳೆ ಹಿಡಿದ ಮೇಲೆ ಗೋಡೆ ಒದ್ದೆಯಾದದ್ದು ಮಳೆಗೋ, ಪೈಪ್ ಸೋರಿಯೋ ಗೊತ್ತೇ ಆಗುವುದಿಲ್ಲ.

ಜಿಐ (ಸತು ಲೇಪಿಸಿದ ಕಬ್ಬಿಣದ ಪೈಪ್) ಗಟ್ಟಿ, ಬಿಸಿಲಿಗೆ ಜಗ್ಗುವುದಿಲ್ಲ. ಆದರೆ ಕಡಲ ಉಪ್ಪುಗಾಳಿಗೆ ತುಕ್ಕು ಬೇಗ, ಅದೂ ಜಾಯಿಂಟಿನಲ್ಲೇ ಜಾಸ್ತಿ. ಉಳ್ಳಾಲದ ನಮ್ಮನೆಯಲ್ಲಿ ಮುಟ್ಟಿದರೆ ಕೈಗೆ ಕೆಂಪು ಪುಡಿ ಬರುತ್ತಿತ್ತು. ಸ್ಪ್ಯಾನರ್ ಹಾಕಿದ್ದೇ ತಡ, ಎಲ್ಬೋ (ಪೈಪ್ ತಿರುಗುವಲ್ಲಿನ ಜಾಯಿಂಟ್) ಮುರಿದು ಕೈಗೆ ಬಂತು!

ಸಿಪಿವಿಸಿ ಅಂದರೆ ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪ್. ಅದಕ್ಕೆ ತುಕ್ಕಿಲ್ಲ, ಗೀಸರ್ ನೀರಿಗೂ ಸೈ. (ಮಾಮೂಲಿ ಪಿವಿಸಿ ಬಿಸಿನೀರಿಗೆ ಬೇಡವೇ ಬೇಡ.) ತಾರಸಿಯ ಬಿಸಿಲಿಗೆ ಮಾತ್ರ ಪೆಡಸಾಗುತ್ತದೆ, ಎಮಲ್ಶನ್ ಬಣ್ಣ ಬಳಿಯಬೇಕು. ಅಂಟಿಸಿದ ಜಾಯಿಂಟ್ ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು.

ನಾನಾದರೆ ಮನೆಯೊಳಗೆಲ್ಲ ಸಿಪಿವಿಸಿ ಹಾಕಿಸುತ್ತೇನೆ. ಒಗೆಯುವ ಕಲ್ಲಿನ ಪಕ್ಕದ ನಳ್ಳಿಗೆ ಕೊಡಪಾನದ ಏಟು ತಪ್ಪಿದ್ದಲ್ಲ ಅಲ್ವಾ, ಅಲ್ಲಿ ಜಿಐ ಇರಲಿ.