ಕೊಡಗಿನ ಸಣ್ಣ ಉದ್ಯಮಕ್ಕೆ ಯಾವ ಸಾಲ? ಮೈಕ್ರೋಫೈನಾನ್ಸ್ ಕಂಪನಿ, ಸ್ವಸಹಾಯ ಸಂಘ, ಮುದ್ರಾ, ವಿ.ಎಸ್.ಎಸ್.ಎನ್.: ಒಂದು ಹೋಲಿಕೆ

ಮೂರ್ನಾಡಿನ ಸಮೀಪದ ನಮ್ಮ ಮನೆಯ ಹಿಂಬದಿಯ ಕೊಠಡಿಯಲ್ಲಿ ನಾನು ಕರಿಮೆಣಸಿನ ಪುಡಿ, ಪಂದಿಕರಿ ಮಸಾಲೆ ಮತ್ತು ಕಾಚಂಪುಳಿ (ಹುಳಿಹಣ್ಣಿನ ರಸ ಕುದಿಸಿ ಮಾಡುವ ಗಟ್ಟಿ ಹುಳಿ) ತಯಾರಿಸಿ ಮಡಿಕೇರಿ, ಗೋಣಿಕೊಪ್ಪದ ಅಂಗಡಿಗಳಿಗೂ ಸುತ್ತಲಿನ ಕೆಲವು ಹೋಂಸ್ಟೇಗಳಿಗೂ ಒದಗಿಸುತ್ತೇನೆ. ಇದಕ್ಕೆ ಬೇಕಾದ ಬಂಡವಾಳವನ್ನು ಬೇರೆ ಬೇರೆ ವರ್ಷಗಳಲ್ಲಿ ಖಾಸಗಿ ಮೈಕ್ರೋಫೈನಾನ್ಸ್ ಕಂಪನಿಯಿಂದ, ಮಹಿಳಾ ಸ್ವಸಹಾಯ ಸಂಘದಿಂದ ಮತ್ತು ಬ್ಯಾಂಕಿನ ಮುದ್ರಾ ಯೋಜನೆಯಿಂದ ಪಡೆದಿದ್ದೇನೆ. ಕೃಷಿ ಪತ್ತಿನ ಸಹಕಾರ ಸಂಘದಲ್ಲಿಯೂ (ವಿ.ಎಸ್.ಎಸ್.ಎನ್.) ಪ್ರಯತ್ನಿಸಿದ್ದೇನೆ. ಸಾಲದ ಬಗ್ಗೆ ಕೇಳುವವರೆಲ್ಲರೂ ಮೊದಲು ಬಡ್ಡಿ ಎಷ್ಟೆಂದು ವಿಚಾರಿಸುತ್ತಾರೆ. ಬಡ್ಡಿ ಮುಖ್ಯವೇ ಆದರೂ, ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಕೈಯಲ್ಲಿ ಹಣವಿಲ್ಲದ ತಿಂಗಳಲ್ಲಿ ಕಂತು ಕಟ್ಟುವವರು ಯಾರು?

ಹಾಗೆ ಹೇಳಲು ಕಾರಣವಿದೆ. ಕೊಡಗಿನಲ್ಲಿ ಆದಾಯ ಹನ್ನೆರಡು ತಿಂಗಳಿಗೂ ಸಮನಾಗಿ ಹರಡಿಕೊಂಡು ಬರುವುದಿಲ್ಲ. ಕರಿಮೆಣಸನ್ನು ಕೊಯ್ಲಿನ ಸಮಯದಲ್ಲಿ, ಅಂದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬೆಳೆಗಾರರಿಂದ ನೇರವಾಗಿ ಕೊಂಡು ಒಣಗಿಸಿ ಇಟ್ಟುಕೊಳ್ಳಬೇಕು. ಕಾಚಂಪುಳಿಗೆ ಬೇಕಾದ ಹಣ್ಣು ಮಳೆಗಾಲದಲ್ಲಿಯೇ ಉದುರುತ್ತದೆ. ಅದನ್ನು ಆರಿಸಿ ತಂದವರಿಗೆ ಕೈಮೇಲೆ ಹಣ ಕೊಡಬೇಕು, ದಿನಗಟ್ಟಲೆ ರಸ ಇಳಿಸಿ ಕುದಿಸಲು ಸೌದೆಯನ್ನೂ ಕೂಲಿಯನ್ನೂ ಒದಗಿಸಬೇಕು. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಪ್ರವಾಸಿಗರು ಕಡಿಮೆ, ಅಂಗಡಿಗಳಲ್ಲಿ ಮಾರಾಟವೂ ಕಡಿಮೆ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬಕ್ಕೆ ಮಸಾಲೆಗೂ ಕಾಚಂಪುಳಿಗೂ ಬೇಡಿಕೆ ಏರಲಾರಂಭಿಸಿ, ಮಡಿಕೇರಿ ದಸರಾ, ಪುತ್ತರಿ, ಡಿಸೆಂಬರ್ ರಜೆಗಳವರೆಗೆ ವ್ಯಾಪಾರ ಚೆನ್ನಾಗಿ ನಡೆಯುತ್ತದೆ. ಅದರಲ್ಲೂ ಅಂಗಡಿಯವರು ಹಣ ಕೊಡುವುದು ಸರಕು ಇಳಿಸಿದ ತಿಂಗಳಿಗೋ ಒಂದೂವರೆ ತಿಂಗಳಿಗೋ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ರಸ್ತೆಗಳೇ ಮುಚ್ಚಿದಾಗ ಈ ಲೆಕ್ಕಾಚಾರ ಇಡೀ ಜಿಲ್ಲೆಯ ಸಣ್ಣ ವ್ಯಾಪಾರಿಗಳ ಪಾಲಿಗೆ ತಲೆಕೆಳಗಾಯಿತು. ಆದ್ದರಿಂದ ನಾನು ಪ್ರತಿಯೊಂದು ಸಾಲವನ್ನೂ ಜುಲೈ ತಿಂಗಳಿನಲ್ಲಿ ನಿಂತು ನೋಡುತ್ತೇನೆ.

ಮೈಕ್ರೋಫೈನಾನ್ಸ್ ಕಂಪನಿಯ ಸಾಲ ನಾಲ್ಕರಲ್ಲಿ ಅತ್ಯಂತ ಬೇಗ ದೊರೆತದ್ದು. ನೆರೆಹೊರೆಯ ಮಹಿಳೆಯರನ್ನು ಸೇರಿಸಿ ಒಂದು ಗುಂಪು ಮಾಡಿ, ಆಧಾರ್, ಮತದಾರರ ಚೀಟಿ ಮತ್ತು ಬ್ಯಾಂಕ್ ಪಾಸ್‌ಬುಕ್ ಕೊಟ್ಟರೆ ಸಾಕು; ಫೀಲ್ಡ್ ಆಫೀಸರ್ ಮನೆ ಬಾಗಿಲಿಗೇ ಬಂದು ವಿವರ ಬರೆದುಕೊಳ್ಳುತ್ತಾರೆ, ಹಣ ನೇರವಾಗಿ ಖಾತೆಗೆ ಬರುತ್ತದೆ. ಪಹಣಿ ಕೇಳುವುದಿಲ್ಲ, ಚಿನ್ನ ಕೇಳುವುದಿಲ್ಲ. ಮೆಣಸಿನ ಬೆಲೆ ಇಳಿದಿರುವ ವಾರದಲ್ಲಿಯೇ ಖರೀದಿಸಬೇಕಾದಾಗ ಈ ವೇಗಕ್ಕೆ ನಿಜವಾದ ಬೆಲೆಯಿದೆ, ಅದನ್ನು ನಾನು ಅಲ್ಲಗಳೆಯಲಾರೆ.

ಖರ್ಚಿನ ಲೆಕ್ಕವನ್ನು ಮಾತ್ರ ಬಿಡಿಸಿ ನೋಡಬೇಕು. 50,000 ರೂಪಾಯಿಯನ್ನು ಎರಡು ವರ್ಷಗಳ ಮಾಸಿಕ ಕಂತುಗಳಲ್ಲಿ ತೀರಿಸುವುದಾದರೆ, ಇಳಿಯುವ ಬಾಕಿಯ ಮೇಲೆ ಶೇಕಡ 24ರ ಬಡ್ಡಿಗೆ ತಿಂಗಳ ಕಂತು ಸುಮಾರು 2,644 ರೂಪಾಯಿ, ಒಟ್ಟು ಬಡ್ಡಿ ಸುಮಾರು 13,400 ರೂಪಾಯಿ ಆಗುತ್ತದೆ. ಅದೇ ಹಣಕ್ಕೆ ಶೇಕಡ 12ಕ್ಕೆ ಸುಮಾರು 6,500, ಶೇಕಡ 7ಕ್ಕೆ ಸುಮಾರು 3,700 ರೂಪಾಯಿ ಬಡ್ಡಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಊರಿನ ಖಾಸಗಿ ಲೇವಾದೇವಿಯವರು ‘ವರ್ಷಕ್ಕೆ ಶೇಕಡ 12 ಮಾತ್ರ’ ಎಂದು ಹೇಳಿ, ತೀರಿಸಿದ ಅಸಲಿನ ಮೇಲೂ ಕೊನೆಯವರೆಗೆ ಬಡ್ಡಿ ಹಿಡಿಯುವ ಫ್ಲ್ಯಾಟ್ ಲೆಕ್ಕ ಹಾಕಿದರೆ, ಎರಡು ವರ್ಷಕ್ಕೆ 12,000 ರೂಪಾಯಿ ಬಡ್ಡಿಯಾಗುತ್ತದೆ; ಇಳಿಯುವ ಬಾಕಿಯ ಲೆಕ್ಕಕ್ಕೆ ತಿರುಗಿಸಿದರೆ ಅದು ಶೇಕಡ 21ಕ್ಕಿಂತ ಹೆಚ್ಚಿನ ದರ. ನೋಂದಾಯಿತ ಸಂಸ್ಥೆಗಳ ವಿಷಯದಲ್ಲಿ ಈ ಗೊಂದಲಕ್ಕೆ ಅವಕಾಶವಿರಬಾರದು, ಏಕೆಂದರೆ ರಿಸರ್ವ್ ಬ್ಯಾಂಕ್ 2022ರಲ್ಲಿ ಜಾರಿಗೆ ತಂದ ನಿಯಮಗಳ ಪ್ರಕಾರ ಸಾಲ ಕೊಡುವವರು ಬಡ್ಡಿ, ಪ್ರಾಸೆಸಿಂಗ್ ಶುಲ್ಕ, ವಿಮೆ ಎಲ್ಲವನ್ನೂ ಸೇರಿಸಿದ ವಾರ್ಷಿಕ ದರವನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು, ಆ ಹಾಳೆಯಲ್ಲಿಲ್ಲದ ಯಾವುದೇ ಶುಲ್ಕವನ್ನು ವಸೂಲು ಮಾಡುವಂತಿಲ್ಲ. ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡವಿಲ್ಲ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಜಾಮೀನುರಹಿತ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಈ ಕೊನೆಯ ನಿಯಮವೇ ನಮ್ಮಲ್ಲಿ ಸೋಲುವುದು. ವರ್ಷದ ಆದಾಯವನ್ನು ಹನ್ನೆರಡರಿಂದ ಭಾಗಿಸಿದಾಗ ಬರುವ ಸರಾಸರಿ ಸಂಖ್ಯೆ ಕಾಗದದ ಮೇಲೆ ಸುರಕ್ಷಿತವಾಗಿ ಕಂಡರೂ, ಜುಲೈ ತಿಂಗಳ ನಿಜವಾದ ಆದಾಯ ಅದರ ಕಾಲುಭಾಗವೂ ಇರುವುದಿಲ್ಲ.

ಕಂತಿನ ದಿನ ಬದಲಾಗುವುದಿಲ್ಲ. ನಮ್ಮ ಸೆಂಟರ್ ಮೀಟಿಂಗ್, ಅಂದರೆ ಗುಂಪು ಸೇರಿ ಕಂತು ಕಟ್ಟುವ ಸಭೆ, ಹದಿನೈದು ದಿನಗಳಿಗೊಮ್ಮೆ ಬೆಳಿಗ್ಗೆ ನಡೆಯುತ್ತಿತ್ತು. ಮರ ಬಿದ್ದು ಕರೆಂಟು ಹೋಗಿದ್ದರೂ, ತೋಟದಲ್ಲಿ ಕೆಲಸವಿಲ್ಲದೆ ಅರ್ಧ ಗುಂಪು ಮನೆಯಲ್ಲಿಯೇ ಕುಳಿತಿದ್ದರೂ, ಹಣ ಮಾತ್ರ ಅದೇ ದಿನ ಮೇಜಿನ ಮೇಲಿರಬೇಕಿತ್ತು. ಒಬ್ಬರು ಕಟ್ಟಲಾಗದಿದ್ದರೆ ಉಳಿದವರು ತುಂಬಬೇಕು. ಪರಸ್ಪರ ಹೊಣೆ ಎಂಬುದು ಒಳ್ಳೆಯ ತತ್ವವೇ ಇರಬಹುದು, ಆದರೆ ಗುಂಪಿನ ಎಲ್ಲರ ಆದಾಯವೂ ಒಂದೇ ಮಳೆಗೆ ನಿಂತುಹೋಗುವ ಊರಿನಲ್ಲಿ ಯಾರ ಹೊಣೆಯನ್ನು ಯಾರು ಹೊರಲು ಸಾಧ್ಯ? ತೋಟದ ಕಾರ್ಮಿಕರ ಲೈನ್ ಮನೆಯ ಒಬ್ಬ ಹೆಣ್ಣುಮಗಳ ಕಂತು ತಪ್ಪಿದಾಗ ಗುಂಪಿನವರೇ ಅವರ ಬಾಗಿಲಲ್ಲಿ ಸಂಜೆಯವರೆಗೆ ಕುಳಿತದ್ದನ್ನು ನಾನು ಕಂಡಿದ್ದೇನೆ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡಬಾರದು, ಗೊತ್ತುಪಡಿಸಿದ ಸ್ಥಳಕ್ಕೆ ಸತತ ಎರಡು ಬಾರಿ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು ಎಂಬ ನಿಯಮಗಳು ಸಂಸ್ಥೆಯ ಸಿಬ್ಬಂದಿಯನ್ನು ಕಟ್ಟಿಹಾಕುತ್ತವೆ. ನೆರೆಮನೆಯವರನ್ನು ಅವು ತಡೆಯುವುದಿಲ್ಲ. 2025ರ ಆರಂಭದಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿ, 10 ವರ್ಷಗಳವರೆಗಿನ ಜೈಲು ಮತ್ತು 5 ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸಲು ಅವಕಾಶ ಮಾಡಿತು. ಅದು ಬೇಕಾಗಿತ್ತು. ಆದರೆ ಕಂತಿನ ಪಟ್ಟಿಯನ್ನು ಮಳೆಗಾಲಕ್ಕೆ ಹೊಂದಿಸುವ ಕೆಲಸವನ್ನು ಯಾವ ಶಿಕ್ಷೆಯೂ ಮಾಡಲಾರದು.

ಸ್ವಸಹಾಯ ಸಂಘದ ದಾರಿ ಇದಕ್ಕೆ ತದ್ವಿರುದ್ಧ. ಮೊದಲು ಉಳಿಸಬೇಕು, ಅನಂತರ ಸಾಲ. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಆರಂಭಿಸಿದ ಬ್ಯಾಂಕ್ ಜೋಡಣೆಯ ಕ್ರಮ ಇಂದಿಗೂ ಮೂಲತಃ ಹಾಗೆಯೇ ಇದೆ: ಹತ್ತರಿಂದ ಇಪ್ಪತ್ತು ಸದಸ್ಯೆಯರು ಸೇರಿ, ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಸಾಲ, ಮರುಪಾವತಿ, ಸರಿಯಾದ ಪುಸ್ತಕ ಬರವಣಿಗೆ ಎಂಬ ಪಂಚಸೂತ್ರಗಳನ್ನು ಕೆಲವು ತಿಂಗಳು ಪಾಲಿಸಿ ತೋರಿಸಿದ ಮೇಲೆ ಬ್ಯಾಂಕು ಸಂಘದ ಹೆಸರಿನಲ್ಲಿ ಸಾಲ ಕೊಡುತ್ತದೆ. ಅವಸರದಲ್ಲಿರುವವರಿಗೆ ಇದು ಪ್ರಯೋಜನಕ್ಕೆ ಬಾರದು. ಪಂಚಾಯಿತಿ ಮಟ್ಟದಲ್ಲಿ ಸ್ವಸಹಾಯ ಸಂಘಗಳನ್ನು ಕೂಡಿಸುವ ಸಂಜೀವಿನಿ ಒಕ್ಕೂಟಕ್ಕೆ ಸೇರಿದ ನಮ್ಮ ಸಂಘಕ್ಕೆ ಬ್ಯಾಂಕಿನಿಂದ ಬಂದ ಸಾಲದ ಬಡ್ಡಿ ಶೇಕಡ 7. ರಾಷ್ಟ್ರೀಯ ಜೀವನೋಪಾಯ ಯೋಜನೆಯಡಿ 3 ಲಕ್ಷ ರೂಪಾಯಿವರೆಗಿನ ಸಂಘದ ಸಾಲಕ್ಕೆ ಈ ದರವಿದೆ. ಸಂಘದ ಸ್ವಂತ ಉಳಿತಾಯದಿಂದ ಕೊಡುವ ಒಳಸಾಲಕ್ಕೆ ನಾವು ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಇಟ್ಟುಕೊಂಡಿದ್ದೇವೆ, ಅದೂ ಮರಳಿ ನಮ್ಮ ನಿಧಿಗೇ ಸೇರುತ್ತದೆ.

ಬಡ್ಡಿಗಿಂತಲೂ ನನಗೆ ದೊಡ್ಡದಾಗಿ ಕಂಡದ್ದು ಆ ನಿಧಿ. ಬ್ಯಾಂಕಿಗೆ ಸಂಘ ಕಟ್ಟಬೇಕಾದ ಕಂತೂ ತಿಂಗಳಿಗೊಮ್ಮೆಯೇ ಬರುತ್ತದೆ, ಬ್ಯಾಂಕು ಮಳೆಯನ್ನು ನೋಡುವುದಿಲ್ಲ. ಆದರೆ ಜುಲೈನಲ್ಲಿ ನಾನು ಕಟ್ಟಲಾಗದಿದ್ದಾಗ ಸಭೆಯಲ್ಲಿ ಠರಾವು ಬರೆದು, ಸಂಘದ ನಿಧಿಯಿಂದ ಬ್ಯಾಂಕಿನ ಕಂತು ಕಟ್ಟಿ, ನನ್ನ ಪಾಲನ್ನು ಅಕ್ಟೋಬರ್‌ನಿಂದ ಹೆಚ್ಚಿಸಿದರು. ಹಾಗೆಯೇ ಕಾಫಿ ಕೊಯ್ಲು ಮುಗಿದ ಮೇಲೆ ಕೂಲಿ ಕಡಿಮೆಯಾಗುವ ಸದಸ್ಯೆಯರಿಗೆ ಏಪ್ರಿಲ್ ನಂತರ ಸಡಿಲಿಕೆ ದೊರೆಯುತ್ತದೆ. ಕಂಪನಿಯ ಗುಂಪಿನಲ್ಲಿಯೂ ಕೂಡಿದ್ದವರು ಇದೇ ಊರಿನ ಹೆಂಗಸರು. ಅಲ್ಲಿ ಹಂಚಿಕೊಳ್ಳಲು ಹೊಣೆಯಿತ್ತೇ ಹೊರತು ನಿಧಿಯಿರಲಿಲ್ಲ. ಇವೆರಡರ ನಡುವಿನ ವ್ಯತ್ಯಾಸವೆಲ್ಲ ಅಲ್ಲಿಯೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂಘಕ್ಕೂ ಮಿತಿಗಳಿವೆ. ಬ್ಯಾಂಕಿನಿಂದ ಬಂದ ಹಣವನ್ನು ವ್ಯಾಪಾರದ ಅಗತ್ಯ ನೋಡದೆ ಎಲ್ಲರಿಗೂ ಸಮನಾಗಿ ಹಂಚಿಬಿಡುವ ರೂಢಿ ಬಹಳ ಕಡೆ ಇದೆ, ಅದರಿಂದ ಹತ್ತು ಸಾವಿರ ಬೇಕಿಲ್ಲದವರಿಗೂ ಸಾಲ ಅಂಟಿಕೊಳ್ಳುತ್ತದೆ, ಲಕ್ಷ ಬೇಕಾದವರಿಗೆ ಅದು ಸಾಲುವುದಿಲ್ಲ. ಪುಸ್ತಕ ಬರೆಯಬಲ್ಲವರು ಒಬ್ಬರೇ ಇದ್ದರೆ ಎಲ್ಲವೂ ಅವರ ಕೈಯಲ್ಲಿರುತ್ತದೆ. ಇನ್ನೊಂದು ವಿಷಯ ನನಗೆ ತಡವಾಗಿ ತಿಳಿಯಿತು: ಮುದ್ರಾ ಅರ್ಜಿಯ ಹೊತ್ತಿಗೆ ಬ್ಯಾಂಕಿನವರು ತೆಗೆದ ನನ್ನ ಸಾಲದ ವರದಿಯಲ್ಲಿ ಕಂಪನಿಯ ಪ್ರತಿಯೊಂದು ಕಂತೂ ದಾಖಲಾಗಿತ್ತು, ಸಂಘದಲ್ಲಿ ವರ್ಷಗಟ್ಟಲೆ ಪ್ರಾಮಾಣಿಕವಾಗಿ ತೀರಿಸಿದ ಸಾಲ ಅದರಲ್ಲಿ ಕಾಣಿಸಲೇ ಇಲ್ಲ. ಒಬ್ಬಂಟಿಯಾಗಿ ಬ್ಯಾಂಕಿನ ಮುಂದೆ ನಿಲ್ಲುವ ದಿನ ಇದು ಸಣ್ಣ ನಷ್ಟವಲ್ಲ.

ಮುದ್ರಾ ಯೋಜನೆ 2015ರ ಏಪ್ರಿಲ್‌ನಲ್ಲಿ ಆರಂಭವಾಯಿತು. 50,000 ರೂಪಾಯಿವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ ಎಂಬ ವಿಭಾಗಗಳಿವೆ, ಜಾಮೀನು ಆಸ್ತಿ ಬೇಕಿಲ್ಲವೆಂಬುದು ನಿಯಮ. ಪುಡಿ ಮಾಡುವ ಯಂತ್ರಕ್ಕೂ ಪ್ಯಾಕಿಂಗ್ ಸೀಲರ್‌ಗೂ ನಾನು ಕಿಶೋರ ಸಾಲ ಪಡೆದೆ. ಉದ್ಯಮ್ ನೋಂದಣಿ, ಆಹಾರ ಸುರಕ್ಷತಾ ನೋಂದಣಿ, ಯಂತ್ರದ ಕೊಟೇಶನ್, ಮನೆ ಕಂದಾಯದ ರಸೀದಿ ಎಲ್ಲವೂ ಸಿದ್ಧವಿದ್ದರೂ ಮೊದಲು ಹೋದ ಶಾಖೆಯಲ್ಲಿ ಪಹಣಿ ತನ್ನಿ ಎಂದರು. ನಮ್ಮದು ಜಮ್ಮಾ ಬಾಣೆ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ; ದಾಖಲೆಯಲ್ಲಿರುವುದು ಕುಟುಂಬದ ಪಟ್ಟೇದಾರರಾಗಿದ್ದ (ಯಜಮಾನರಾಗಿದ್ದ) ಹಿರಿಯರ ಹೆಸರು. ಕೊಡಗಿನಲ್ಲಿ ಇಂಥ ಸಾವಿರಾರು ಮನೆಗಳಿವೆ. ಇನ್ನೊಂದು ಶಾಖೆಯ ವ್ಯವಸ್ಥಾಪಕರು ನಿಯಮವನ್ನು ಸರಿಯಾಗಿ ಓದಿದ್ದರಿಂದ ಕೆಲಸವಾಯಿತು. ಯಂತ್ರ ವರ್ಷಪೂರ್ತಿ ದುಡಿಯುವುದರಿಂದಲೂ ಅವಧಿ ದೀರ್ಘವಾದ್ದರಿಂದಲೂ ಕಂತು ಹಗುರವಾಗಿದೆ, ಮಳೆಗಾಲದಲ್ಲಿಯೂ ನಿಭಾಯಿಸಬಹುದು. ಯಂತ್ರೋಪಕರಣಕ್ಕೆ ಇದಕ್ಕಿಂತ ಉತ್ತಮ ದಾರಿಯನ್ನು ನಾನು ಕಂಡಿಲ್ಲ. ಆಹಾರ ತಯಾರಿಸುವ ಸಂಘದ ಸದಸ್ಯೆಯರಿಗೆ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ತಲಾ 40,000 ರೂಪಾಯಿವರೆಗೆ ಬೀಜ ಬಂಡವಾಳಕ್ಕೆ ಈಗಲೂ ಅವಕಾಶವಿದೆಯೇ ಎಂಬುದನ್ನೂ ಒಕ್ಕೂಟದಲ್ಲಿ ವಿಚಾರಿಸುವುದು ಒಳ್ಳೆಯದು.

ಜನರು ಇಂದಿಗೂ ವಿ.ಎಸ್.ಎಸ್.ಎನ್. ಎಂದೇ ಕರೆಯುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೈತರಿಗೆ ಅಲ್ಲಿ ಬಡ್ಡಿಯಿಲ್ಲದ ಬೆಳೆಸಾಲವಿದೆ, ತೀರಿಸುವ ಗಡುವು ಬೆಳೆಗೆ ಅನುಗುಣವಾಗಿದೆ. ಋತುವನ್ನು ಅರಿತ ಸಾಲ ಹೇಗಿರಬೇಕೆಂಬುದಕ್ಕೆ ಅದೇ ಮಾದರಿ. ಆದರೆ ಮೆಣಸು ಬೆಳೆಯುವವರಿಗೆ ಸಿಗುವ ಆ ಸೌಲಭ್ಯ ಮೆಣಸು ಪುಡಿ ಮಾಡುವವರಿಗಿಲ್ಲ. ನನಗೆ ದೊರೆಯುತ್ತಿದ್ದುದು ಚಿನ್ನದ ಮೇಲಿನ ಸಾಲ ಮಾತ್ರ.

ಸ್ವಂತ ಸೂರಿಲ್ಲದವರ ಸ್ಥಿತಿ ಇನ್ನೂ ಕಠಿಣ. ಸಿದ್ದಾಪುರ, ಪೊನ್ನಂಪೇಟೆ ಕಡೆಯ ತೋಟಗಳ ಲೈನ್ ಮನೆಗಳಲ್ಲಿರುವ ಯರವ, ಕುರುಬ ಆದಿವಾಸಿ ಕುಟುಂಬಗಳ ಹೆಂಗಸರು ಜೇನು, ಕೋಳಿ, ಸೊಪ್ಪು, ಹೊಲಿಗೆಯ ಸಣ್ಣ ವ್ಯಾಪಾರ ನಡೆಸಬಲ್ಲರು, ನಡೆಸುತ್ತಲೂ ಇದ್ದಾರೆ. ಅವರ ವಿಳಾಸ ತೋಟದ ಮಾಲೀಕರದ್ದು, ಕೆಲಸ ಬದಲಾದರೆ ವಿಳಾಸವೂ ಬದಲಾಗುತ್ತದೆ. ಮುದ್ರಾ ಅವರಿಗೆ ದೂರ, ಸಹಕಾರ ಸಂಘ ಇನ್ನೂ ದೂರ, ಬಾಗಿಲಿಗೆ ಬರುವುದು ಕಂಪನಿ ಮಾತ್ರ. ಅಂಥವರು ನನ್ನನ್ನು ಕೇಳಿದಾಗ, ತಮ್ಮದೇ ಪಂಚಾಯಿತಿಯ ಸಂಜೀವಿನಿ ಒಕ್ಕೂಟದಲ್ಲಿ ಸಂಘವೊಂದಕ್ಕೆ ಸೇರಿ ಉಳಿತಾಯ ಆರಂಭಿಸಲು, ಒಂದು ವರ್ಷದ ಮಟ್ಟಿಗೆ ಒಳಸಾಲದಲ್ಲಿಯೇ ವ್ಯಾಪಾರ ನಡೆಸಲು ಹೇಳುತ್ತೇನೆ. ಕಂಪನಿಯ ಸಾಲ ತೆಗೆದುಕೊಳ್ಳಲೇಬೇಕಾದರೆ ಒಂದೇ ಕಂಪನಿಯಿಂದ, ಅಕ್ಟೋಬರ್‌ನಲ್ಲಿ, ಮುಂದಿನ ಜೂನ್‌ಗೆ ಮುಂಚೆ ತೀರುವಷ್ಟು ಮಾತ್ರ. ನಮ್ಮ ಒಕ್ಕೂಟದ ಸಭೆಯಲ್ಲಿ ಮಳೆಗಾಲದ ಮೂರು ತಿಂಗಳು ಬಡ್ಡಿ ಮಾತ್ರ ಕಟ್ಟಿಸಿಕೊಳ್ಳುವಂತೆ ಬ್ಯಾಂಕಿಗೆ ಮನವಿ ಸಲ್ಲಿಸುವ ಪ್ರಸ್ತಾಪವನ್ನು ಮಂಡಿಸಿದ್ದೇನೆ. ಬೇರೆ ಪಂಚಾಯಿತಿಗಳ ಒಕ್ಕೂಟಗಳೂ ಇದೇ ಬೇಡಿಕೆಯನ್ನು ಬರೆದು ಕೊಟ್ಟರೆ ಜಿಲ್ಲಾ ಮಟ್ಟದ ಬ್ಯಾಂಕರ್‌ಗಳ ಸಭೆಯಲ್ಲಿ ಅದನ್ನು ಚರ್ಚೆಗೆ ತರುವುದು ಸುಲಭವಾಗುತ್ತದೆ.