ಪೈಲಟ್ ಆಗ್ಬೇಕು ಅನ್ನೋರ ಸಿಮ್ಯುಲೇಟರ್ ಸೆಷನ್, ಹೋಗ್ಬಹುದು

ನಾನು ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್ (ಕೋ-ಪೈಲಟ್), ಇಂಥ ಅರ್ಧ ದಿನದ ಪರಿಚಯ ಸೆಷನ್‌ಗಳ ಮೇಲೆ ನಂಬಿಕೆ ಇರ್ಲಿಲ್ಲ, ಅಕ್ಕನ ಮಗ ಹಟ ಹಿಡಿದ ಅಂತ ಜೊತೆಗೆ ಹೋದೆ, ತುಂಬಾ ಇಷ್ಟ ಆಯ್ತು.

ಬಂದ ತಕ್ಷಣ ಕಾಕ್‌ಪಿಟ್‌ಗೆ ಕೂರಿಸಲ್ಲ. ಮೊದಲು ಹವಾಮಾನ, ನೋಟಾಮ್ (ರನ್‌ವೇ, ದಾರಿ ಬಗ್ಗೆ ಪೈಲಟ್‌ಗಳಿಗೆ ಕೊಡೋ ಸೂಚನೆ), ಇಂಧನದ ಪೇಪರ್ ಕೈಗೆ ಕೊಡ್ತಾರೆ, ದಾರಿಗೆ ಎಷ್ಟು ಬೇಕು, ಇಳಿಯೋಕೆ ಆಗದೆ ಬೇರೆ ಏರ್‌ಪೋರ್ಟ್‌ಗೆ ಹೋಗ್ಬೇಕಾದ್ರೆ ಎಷ್ಟು, ಕೊನೆಗೆ ಮುಟ್ಟಲೇಬಾರದ 30 ನಿಮಿಷದ ರಿಸರ್ವ್ ಎಷ್ಟು ಅಂತ ಹುಡುಗ ಪೆನ್ಸಿಲ್ ಹಿಡ್ಕೊಂಡು ಕೂಡಿಸ್ತಾ ಕೂತ. ನಮ್ಮ ಡ್ಯೂಟಿ ಶುರುವಾಗೋದೂ ಹೀಗೇನೆ. ಆಮೇಲೆ ಸಿಮ್ಯುಲೇಟರ್‌ನಲ್ಲಿ ಟೇಕಾಫ್ ಆದ ಸ್ವಲ್ಪ ಹೊತ್ತಿಗೇ ಆಟೋಪೈಲಟ್ ಹಾಕ್ಸಿ, ಒಬ್ಬ ಹಾರಿಸೋನು ಇನ್ನೊಬ್ಬ ಗಮನಿಸೋನು, ರೇಡಿಯೋ, ಚೆಕ್‌ಲಿಸ್ಟ್ ಎಲ್ಲಾ ಮಾಡಿಸಿದ್ರು. ಕೈಯಲ್ಲಿ ಹಾರಿಸೋದು ಎಷ್ಟು ಕಮ್ಮಿ ಅಂತ ಅವನಿಗೆ ಅಲ್ಲೇ ಗೊತ್ತಾಯ್ತು. ವರ್ಷಕ್ಕೆ ಎರಡು ಸಲ ಸಿಮ್ಯುಲೇಟರ್ ಪರೀಕ್ಷೆ, ಮೆಡಿಕಲ್ ಫೇಲ್ ಆದ್ರೆ ಹಾರಾಟ ನಿಲ್ಲುತ್ತೆ ಅನ್ನೋದನ್ನೂ ಮುಚ್ಚಿಡಲಿಲ್ಲ, ಅದಕ್ಕೆ ಪೂರ್ತಿ ಮಾರ್ಕ್ಸ್.

ಬೇಜಾರಾಗಿದ್ದು ರೋಸ್ಟರ್, ಅಂದ್ರೆ ಡ್ಯೂಟಿ ಪಟ್ಟಿ ವಿಷಯ. ಐದೇ ನಿಮಿಷದಲ್ಲಿ ಮುಗಿಸಿಬಿಟ್ರು. ನಡುರಾತ್ರಿ ಎದ್ದು ರಿಪೋರ್ಟ್ ಆಗೋದು, ಸ್ಟ್ಯಾಂಡ್‌ಬೈ ದಿನ ಯಾವಾಗ ಕರೀತಾರೋ ಅಂತ ಫೋನ್ ಪಕ್ಕದಲ್ಲೇ ಇಟ್ಕೊಂಡಿರೋದು, ಊರು ನೋಡೋ ಆಸೆ ಇದ್ರೂ ಹೋಟೆಲ್ ರೂಮಲ್ಲಿ ಪರದೆ ಎಳ್ಕೊಂಡು ಹಗಲೇ ಮಲಗೋದು, ಇದನ್ನ ಮನೆಯವರಿಗೂ ಕೂರಿಸಿ ಹೇಳ್ಬೇಕು ಕಣ್ರೀ, ಯಾಕಂದ್ರೆ ಸಾಲ ಮಾಡಿ ಓದಿಸೋರು ಅವರೇ.

ಬುಕ್ ಮಾಡೋಕೆ ಮುಂಚೆ, ಹೇಳಿಕೊಡೋರು ಈಗಲೂ ಏರ್‌ಲೈನ್‌ನಲ್ಲಿ ಹಾರಿಸ್ತಿದ್ದಾರಾ ಅಂತ ಕೇಳ್ಕೊಳ್ಳಿ.